ಹತ್ತೊಂಬತ್ತು ವರ್ಷ ಒಂದೇ ಅಚ್ಚು: ಫೋರ್ಡ್ ಕಾರ್ಖಾನೆಗೆ ಬೀಗ ಬಿದ್ದ 1927ರ ಪ್ರಕರಣ

1927ರ ಮೇ 26. ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಿಂದ ಒಂದು ಕಾರು ಹೊರಗೆ ಬಂತು. ಲೆಕ್ಕದ ಪ್ರಕಾರ ಅದು 1,50,00,000ನೇ ಮಾಡೆಲ್ ಟಿ. ಹೆನ್ರಿ ಫೋರ್ಡ್ ಮತ್ತು ಅವರ ಮಗ ಎಡ್ಸೆಲ್ ಅದರಲ್ಲಿ ಕುಳಿತು ಡಿಯರ್‌ಬಾರ್ನ್‌ಗೆ ಹೋದರು. ಪತ್ರಿಕೆಯವರು ಫೋಟೋ ತೆಗೆದರು. ಹಬ್ಬದ ಹಾಗೆ ಕಾಣುವ ಆ ಫೋಟೋಗಳನ್ನು ನೋಡಿದರೆ ಅದು ಬೀಳ್ಕೊಡುಗೆ ಅಂತ ಗೊತ್ತೇ ಆಗುವುದಿಲ್ಲ.

ಮಾಡೆಲ್ ಟಿ ನಿಲ್ಲುತ್ತದೆ, ಹೊಸ ಕಾರು ಬರುತ್ತದೆ ಎಂದು ಕಂಪನಿ ಹಿಂದಿನ ದಿನವೇ ಹೇಳಿತ್ತು. ಆದರೆ ಆ ಹೊಸ ಕಾರು ಎಲ್ಲಿತ್ತು? ಎಲ್ಲೂ ಇರಲಿಲ್ಲ. ನಕ್ಷೆಗಳು ಮುಗಿದಿರಲಿಲ್ಲ. ಅದನ್ನು ಮಾಡುವ ಯಂತ್ರಗಳಿಗೆ ಇನ್ನೂ ಆರ್ಡರ್ ಕೊಡಬೇಕಿತ್ತು. ಅಂಥ ಹೊತ್ತಿನಲ್ಲಿ ಕಾರ್ಖಾನೆ ನಿಂತಿತು. ಡೆಟ್ರಾಯಿಟ್ ಒಂದರಲ್ಲೇ ಸುಮಾರು 60,000 ಜನ ಮನೆಗೆ ಹೋದರು. ಹೊಸ ಕಾರು ಜನರ ಕಣ್ಣಿಗೆ ಬಿದ್ದಿದ್ದು ಡಿಸೆಂಬರ್ 2ಕ್ಕೆ.

ಆರು ತಿಂಗಳಿಗೂ ಜಾಸ್ತಿ. ಒಂದು ಕಾಲಕ್ಕೆ ಅಮೆರಿಕದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಮಾಡುತ್ತಿದ್ದ ಕಂಪನಿಗೆ ಅಷ್ಟು ದಿನ ಮಾರಲು ಕಾರೇ ಇರಲಿಲ್ಲ.

ಯಾಕೆ ಹೀಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಮುದುಕನ ಹಠ. ಹೆನ್ರಿ ಫೋರ್ಡ್ ಯಾರ ಮಾತನ್ನೂ ಕೇಳಲಿಲ್ಲ, ಕಾಲ ಬದಲಾದದ್ದು ಅವರಿಗೆ ಕಾಣಲಿಲ್ಲ, ಅಷ್ಟೇ. ಅದು ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ ಎಂದು ನನ್ನ ಅನಿಸಿಕೆ. ಹಠಮಾರಿಗಳು ಎಲ್ಲ ಕಂಪನಿಯಲ್ಲೂ ಇರುತ್ತಾರೆ. ಇಲ್ಲಿ ಆ ಹಠ ಕಬ್ಬಿಣವಾಗಿ, ಯಂತ್ರಗಳಾಗಿ ನೆಲಕ್ಕೆ ಬೋಲ್ಟ್ ಆಗಿತ್ತು. ಮಾಲೀಕರು ಕೊನೆಗೆ ಮನಸ್ಸು ಬದಲಾಯಿಸಿದರು. ಯಂತ್ರಗಳು ಬದಲಾಗಲು ಒಪ್ಪಲಿಲ್ಲ.

ಕಾರು ಎಂಥದ್ದು

ಮಾಡೆಲ್ ಟಿ ಹುಟ್ಟಿದ್ದು 1908ರ ಅಕ್ಟೋಬರ್‌ನಲ್ಲಿ. ಫೋರ್ಡ್ ಮೋಟರ್ ಕಂಪನಿಗೆ ಆಗ ಐದು ವರ್ಷ. ಬೆಲೆ 850 ಡಾಲರ್. ನಾಲ್ಕು ಸಿಲಿಂಡರ್, 2.9 ಲೀಟರ್ ಎಂಜಿನ್, 20 ಹಾರ್ಸ್‌ಪವರ್. ಜೋರು ಮಾಡಿದರೆ ಗಂಟೆಗೆ 65-70 ಕಿಲೋಮೀಟರ್ ಓಡುತ್ತಿತ್ತು. ಇಂದಿನ ಸ್ಕೂಟರ್ ಅದನ್ನು ಆರಾಮಾಗಿ ಹಿಂದೆ ಹಾಕುತ್ತದೆ.

ಆದರೆ ಆಗಿನ ಅಮೆರಿಕದ ಹಳ್ಳಿ ರಸ್ತೆ ಅಂದರೆ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಧೂಳು, ನಡುವೆ ಕುದುರೆ ಗಾಡಿಯ ಜಾಡು. ಅಲ್ಲಿ ಬೇಕಿದ್ದದ್ದು ಎತ್ತರದ, ಹಗುರವಾದ, ಮುರಿಯದ ಗಾಡಿ. ಮಾಡೆಲ್ ಟಿ ಹಾಗೇ ಇತ್ತು. ವೆನೇಡಿಯಂ ಬೆರೆಸಿದ ಉಕ್ಕಿನಿಂದ ಅದರ ಮುಖ್ಯ ಭಾಗಗಳನ್ನು ಮಾಡಿದ್ದರು. ತೂಕ ಕಡಿಮೆ, ಗಟ್ಟಿತನ ಜಾಸ್ತಿ. ಕೆಟ್ಟರೆ ರೈತ ತಾನೇ ಬಿಚ್ಚಿ ರಿಪೇರಿ ಮಾಡಿಕೊಳ್ಳುತ್ತಿದ್ದ. ಹಿಂದಿನ ಚಕ್ರ ಎತ್ತಿ, ಬೆಲ್ಟ್ ಹಾಕಿ ಕಟ್ಟಿಗೆ ಕೊಯ್ಯುವುದು, ನೀರೆತ್ತುವುದು ಎಲ್ಲ ನಡೆಯುತ್ತಿತ್ತು.

ಓಡಿಸುವುದು ಮಾತ್ರ ಒಂದು ಸರ್ಕಸ್. ಪೆಡಲ್ ಮೂರು, ಆದರೆ ಈಗಿನ ಹಾಗಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು. ನಡುವಿನದ್ದು ರಿವರ್ಸ್. ಬಲಗಡೆಯದ್ದು ಬ್ರೇಕು. ಆಕ್ಸಿಲರೇಟರ್ ಕೈಯಲ್ಲಿ, ಸ್ಟೀರಿಂಗ್ ಕೆಳಗಿನ ಒಂದು ಕಡ್ಡಿ. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ. ಅಲ್ಲಿಂದ ಎಂಜಿನ್ನಿಗೆ ಪೆಟ್ರೋಲು ತಾನಾಗೇ ಇಳಿದು ಬರಬೇಕು, ಪಂಪ್ ಇಲ್ಲ. ಹೀಗಾಗಿ ಕಡಿದಾದ ಏರು ಬಂದರೆ, ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದರೆ, ಗಾಡಿ ತಿರುಗಿಸಿ ರಿವರ್ಸಿನಲ್ಲೇ ಹತ್ತಿಸಬೇಕಿತ್ತು! ಎಷ್ಟು ಪೆಟ್ರೋಲಿದೆ ಅಂತ ನೋಡಲು ಸೀಟು ಎತ್ತಿ ಕಡ್ಡಿ ಅದ್ದಬೇಕು. ಸ್ಟಾರ್ಟ್ ಮಾಡಲು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ನಮ್ಮ ಕಡೆ ಹಳೇ ಲಾರಿಗಳಿಗೆ ಕ್ಲೀನರ್ ಹ್ಯಾಂಡಲ್ ಹೊಡೆಯುತ್ತಿದ್ದುದನ್ನು ಕಂಡವರಿಗೆ ಗೊತ್ತು, ಅದು ತಿರುಗಿ ಒದ್ದರೆ ಮಣಿಕಟ್ಟು ಹೋಯಿತು ಅಂತಲೇ ಲೆಕ್ಕ.

ಬಣ್ಣದ ಬಗ್ಗೆ ಒಂದು ಮಾತು. 'ಯಾವ ಬಣ್ಣ ಬೇಕಾದರೂ ಕೊಡುತ್ತೇವೆ, ಅದು ಕಪ್ಪಾಗಿದ್ದರೆ ಸಾಕು' ಎಂಬ ಹೆನ್ರಿಯವರ ಮಾತು ಎಲ್ಲರಿಗೂ ಬಾಯಿಪಾಠ. ಆದರೆ ಶುರುವಿನ ವರ್ಷಗಳಲ್ಲಿ ಈ ಕಾರು ಕೆಂಪು, ಹಸಿರು, ಬೂದು ಬಣ್ಣಗಳಲ್ಲಿ ಬರುತ್ತಿತ್ತು. ಕಪ್ಪು ಮಾತ್ರ ಎಂದಾಗಿದ್ದು 1914ರಿಂದ 1925ರವರೆಗೆ. ಕಪ್ಪು ಅಗ್ಗ, ಬಾಳಿಕೆಯೂ ಹೆಚ್ಚು. ಒಂದೇ ಬಣ್ಣವಾದರೆ ಕಾರ್ಖಾನೆಯಲ್ಲಿ ತಲೆನೋವೂ ಕಡಿಮೆ. ಈ ಕೊನೆಯ ಕಾರಣವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿ.

ಒಂದೇ ಕೆಲಸ ಕಲಿತ ಯಂತ್ರಗಳು

1910ರಲ್ಲಿ ಕಂಪನಿ ಹೈಲ್ಯಾಂಡ್ ಪಾರ್ಕ್‌ನ ಹೊಸ ಕಟ್ಟಡಕ್ಕೆ ಬಂತು. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಗಾಜಿನ ಕಿಟಕಿಗಳ ದೊಡ್ಡ ಕಾರ್ಖಾನೆ ಅದು. ಇಲ್ಲೇ 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾಯಿತು. ಮೊದಲು ಪ್ರಯೋಗ ಮಾಡಿದ್ದು ಎಂಜಿನ್ನಿನ ಕಿಡಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೋ ಎಂಬ ಭಾಗದ ಮೇಲೆ. ಒಬ್ಬ ಕೆಲಸಗಾರ ಒಂದನ್ನು ಜೋಡಿಸಲು 20 ನಿಮಿಷ ತೆಗೆದುಕೊಳ್ಳುತ್ತಿದ್ದ. ಕೆಲಸ ಹಂಚಿ ಸಾಲಾಗಿ ನಿಲ್ಲಿಸಿ, ಆಮೇಲೆ ಬೆಲ್ಟಿನ ಎತ್ತರ ಸರಿ ಮಾಡಿ, ವೇಗ ಸರಿ ಮಾಡಿ, ಕೊನೆಗೆ ಒಂದಕ್ಕೆ 5 ನಿಮಿಷಕ್ಕೆ ಇಳಿಸಿದರು. ನಂತರ ಇಡೀ ಚಾಸಿಗೂ, ಅಂದರೆ ಬಾಡಿ ಕೂರುವ ಕಾರಿನ ಕೆಳಗಟ್ಟಿಗೂ, ಇದೇ ವಿಧಾನ ಬಂತು. ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿದ್ದ ಕೆಲಸ 1914ರ ಹೊತ್ತಿಗೆ 93 ನಿಮಿಷಕ್ಕೆ ಬಂತು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆ ಲೈನಿಗೆ ಬಿಡಿಭಾಗ ಒದಗಿಸುತ್ತಿದ್ದ ಯಂತ್ರಗಳ ಬಗ್ಗೆ ಅಷ್ಟು ಮಾತಿಲ್ಲ. ನನಗೆ ಈ ಪ್ರಕರಣದ ನಿಜವಾದ ಪಾತ್ರ ಅವೇ.

ಸಾಮಾನ್ಯ ವರ್ಕ್‌ಶಾಪಿನಲ್ಲಿ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಿಷಿನ್ ಇದ್ದರೆ ಅದರಲ್ಲಿ ಹತ್ತು ತರಹದ ಕೆಲಸ ಆಗುತ್ತದೆ. ಫೋರ್ಡ್‌ನವರು ಹಾಗಿಡಲಿಲ್ಲ. ಒಂದೊಂದು ಭಾಗಕ್ಕೆ ಒಂದೊಂದು ವಿಶೇಷ ಯಂತ್ರ ಮಾಡಿಸಿದರು. ಅವರಲ್ಲಿದ್ದ ಒಂದು ಡ್ರಿಲ್ಲಿಂಗ್ ಯಂತ್ರ ಸಿಲಿಂಡರ್ ಬ್ಲಾಕಿಗೆ ನಾಲ್ಕು ಕಡೆಯಿಂದ ಒಟ್ಟಿಗೇ 45 ತೂತು ಕೊರೆಯುತ್ತಿತ್ತು. ಬ್ಲಾಕ್ ಇಡು, ಹಿಡಿ ಎಳೆ, ತೆಗೆ, ಅಷ್ಟೇ. ಅದಕ್ಕೆ ನುರಿತ ಮೆಕ್ಯಾನಿಕ್ ಬೇಡ. ನಿನ್ನೆ ಹಳ್ಳಿಯಿಂದ ಬಂದ, ಇಂಗ್ಲಿಷ್ ಬಾರದ ವಲಸಿಗನೂ ಸಾಕು. ತಪ್ಪು ಮಾಡಲು ಜಾಗವೇ ಇಲ್ಲ. ಆದರೆ ಅದರಲ್ಲಿ ಒಂದೇ ಒಂದು ತೂತನ್ನು ಅರ್ಧ ಇಂಚು ಆಚೆ ಕೊರೆಯಬೇಕಾದರೆ? ಆಗದು. ಆ ಯಂತ್ರ ಮಾಡೆಲ್ ಟಿಯ ಬ್ಲಾಕ್ ಬಿಟ್ಟು ಬೇರೇನನ್ನೂ ಅರಿಯದು.

ಬೆಲ್ಲದ ಅಚ್ಚಿಗೂ ಚಕ್ಕುಲಿ ಒರಳಿಗೂ ಇರುವ ವ್ಯತ್ಯಾಸ ಇದು. ಒರಳಿನಲ್ಲಿ ಬಿಲ್ಲೆ ಬದಲಾಯಿಸಿದರೆ ಚಕ್ಕುಲಿಯ ಬದಲು ಖಾರಾಸೇವೆ ಬರುತ್ತದೆ. ಅಚ್ಚಿನಲ್ಲಿ ಅದೇ ಬೆಲ್ಲ, ಅದೇ ಆಕಾರ. ಆದರೆ ಅಚ್ಚಿನಷ್ಟು ಬೇಗ, ಅಷ್ಟು ಒಂದೇ ಸಮ ಒರಳಿನಲ್ಲಿ ಬರುವುದಿಲ್ಲ. ಹೆನ್ರಿ ಅಚ್ಚನ್ನು ಆರಿಸಿಕೊಂಡರು. ಅದರ ಲಾಭ ಕಣ್ಣೆದುರೇ ಇತ್ತು. ಖರ್ಚು ಕಡಿಮೆ, ಬೆಲೆ ಕಡಿಮೆ, ಮಾರಾಟ ಹೆಚ್ಚು, ಮಾರಾಟ ಹೆಚ್ಚಿದ್ದರಿಂದ ಇನ್ನೂ ವಿಶೇಷ ಯಂತ್ರಗಳು, ಮತ್ತೆ ಬೆಲೆ ಕಡಿಮೆ. 850 ಡಾಲರಿಗೆ ಶುರುವಾದ ಕಾರು 1925ಕ್ಕೆ ಎರಡು ಸೀಟಿನ ರನ್‌ಅಬೌಟ್ ಮಾದರಿಯಲ್ಲಿ 260 ಡಾಲರಿಗೆ ಬಂತು. ಅಷ್ಟರಲ್ಲಿ ಫೋರ್ಡ್‌ನಲ್ಲಿ ದಿನಗೂಲಿ 6 ಡಾಲರ್ ಆಗಿತ್ತು. ಅಂದರೆ ಕಾರಿನ ಬೆಲೆ ಕೆಲಸಗಾರನ ಒಂದೂವರೆ ತಿಂಗಳ ದುಡಿಮೆ!

ಕಾರು ಪೂರ್ತಿ ಬದಲಾಗಲೇ ಇಲ್ಲ ಅಂತಲ್ಲ. ಬಾಡಿಯ ಆಕಾರ ಆಗಾಗ ತಿದ್ದಿದರು, ವಿದ್ಯುತ್ ದೀಪ ಬಂತು, 1919ರಲ್ಲಿ ಹೆಚ್ಚುವರಿ ಹಣಕ್ಕೆ ಸೆಲ್ಫ್ ಸ್ಟಾರ್ಟರ್ ಬಂತು. ಆದರೆ ಎಂಜಿನ್, ಗೇರು, ಚಾಸಿಯ ಮೂಲ ಹಾಗೇ ಉಳಿಯಿತು. 20 ಹಾರ್ಸ್‌ಪವರ್ 19 ವರ್ಷ 20 ಆಗಿಯೇ ಉಳಿಯಿತು.

ಎದುರಾಳಿ ಬೆಲೆಯ ಆಟಕ್ಕೆ ಬರಲಿಲ್ಲ

1921ರಲ್ಲಿ ಜನರಲ್ ಮೋಟರ್ಸ್ ಒಂದು ದೊಡ್ಡ ಗೊಂದಲದ ಮನೆ. ಅದರ ಅಗ್ಗದ ಕಾರು ಷೆವ್ರೊಲೆ. ಮಾರುಕಟ್ಟೆಯಲ್ಲಿ ಅದರ ಪಾಲು ಸುಮಾರು ನೂರಕ್ಕೆ 4. ಫೋರ್ಡ್‌ನದ್ದು 55ರ ಮೇಲೆ. ಷೆವ್ರೊಲೆಯನ್ನು ಮುಚ್ಚಿಬಿಡಿ ಎಂದು ಹೊರಗಿನಿಂದ ಬಂದ ಸಲಹೆಗಾರರು ಹೇಳಿದ್ದರು. ಜನರಲ್ ಮೋಟರ್ಸ್‌ನ ಹಿರಿಯ ಅಧಿಕಾರಿ ಆಲ್‌ಫ್ರೆಡ್ ಸ್ಲೋನ್ ಬೇಡ ಎಂದರು. 1923ರಲ್ಲಿ ಅವರೇ ಕಂಪನಿಯ ಅಧ್ಯಕ್ಷರಾದರು.

ಸ್ಲೋನ್ ಜಾಣತನ ಏನೆಂದರೆ ಫೋರ್ಡ್‌ನ ಬೆಲೆಗೆ ಇಳಿಯಲು ಹೋಗಲೇ ಇಲ್ಲ. ಅಲ್ಲಿ ಸೋಲು ಖಚಿತ. ಅವರು ಸ್ವಲ್ಪ ಮೇಲೆ ನಿಂತರು. ಬೆಲೆ ಸ್ವಲ್ಪ ಹೆಚ್ಚು, ಆದರೆ ಕಾರು ಬಹಳ ಹೆಚ್ಚು ಎಂದು ಗಿರಾಕಿಗೆ ಅನಿಸಬೇಕು. ಷೆವ್ರೊಲೆಯ ಮೇಲೆ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಸಂಬಳ ಏರಿದ ಹಾಗೆ ಗಿರಾಕಿಯೂ ಮೆಟ್ಟಿಲು ಏರುತ್ತಾನೆ, ಮನೆ ಬಿಟ್ಟು ಹೋಗುವುದಿಲ್ಲ.

ಅದಕ್ಕಿಂತ ದೊಡ್ಡ ಬದಲಾವಣೆ ಸಾಲದ್ದು. ಜನರಲ್ ಮೋಟರ್ಸ್ 1919ರಲ್ಲೇ ಕಾರಿಗೆ ಸಾಲ ಕೊಡುವ ತನ್ನದೇ ಕಂಪನಿ ತೆರೆದಿತ್ತು. ಹೆನ್ರಿಗೆ ಸಾಲ ಎಂದರೆ ಆಗಿಬರುತ್ತಿರಲಿಲ್ಲ. ಅವರು 1923ರಲ್ಲಿ ಬೇರೆ ಯೋಜನೆ ತಂದರು. ವಾರಕ್ಕೆ 5 ಡಾಲರ್ ಕಟ್ಟುತ್ತಾ ಹೋಗಿ, ಪೂರ್ತಿ ಹಣ ಸೇರಿದ ಮೇಲೆ ಕಾರು ತಗೊಳ್ಳಿ. ಈಗ ಬಂಗಾರದ ಅಂಗಡಿಯಲ್ಲಿ ತಿಂಗಳು ತಿಂಗಳು ಕಟ್ಟುವ ಸ್ಕೀಮ್ ಇದೆಯಲ್ಲ, ಥೇಟ್ ಹಾಗೆ. ಪಕ್ಕದ ಅಂಗಡಿಯವನು ಇವತ್ತೇ ಕಾರು ಒಯ್ಯಿ, ಆಮೇಲೆ ಕಂತು ಕಟ್ಟು ಎನ್ನುತ್ತಿರುವಾಗ ಯಾರು ಕಾಯುತ್ತಾರೆ? ಯೋಜನೆ ಬಿದ್ದುಹೋಯಿತು.

ಕಂತು ಬಂದ ಮೇಲೆ ಲೆಕ್ಕವೇ ಬೇರೆಯಾಯಿತು. ಒಟ್ಟು ಬೆಲೆಯಲ್ಲಿ 100 ಡಾಲರ್ ವ್ಯತ್ಯಾಸ ಕಂಡರೆ ಎದೆ ಝಲ್ಲೆನ್ನುತ್ತದೆ. ತಿಂಗಳ ಕಂತಿನಲ್ಲಿ ಅದೇ ವ್ಯತ್ಯಾಸ ಕೆಲವೇ ಡಾಲರ್. ಹೆನ್ರಿಯ ಒಂದೇ ಆಯುಧವಾಗಿದ್ದ ಕಡಿಮೆ ಬೆಲೆ ಅಲ್ಲೇ ಮೊಂಡಾಯಿತು.

ಇನ್ನೊಂದು ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಾರುಗಳು ಬಂದವು. ಇದನ್ನು ಫೋರ್ಡ್‌ನಲ್ಲಿ ಯಾರೂ ಎದುರಾಳಿ ಎಂದು ಎಣಿಸಿರಲಿಲ್ಲ. 1920ರ ದಶಕದ ನಡುವಿಗೆ ಅಮೆರಿಕದಲ್ಲಿ ಕಾರು ಬೇಕೆಂದವರ ಹತ್ತಿರ ಆಗಲೇ ಒಂದು ಕಾರಿತ್ತು. ಅವರು ಹಳೆಯದನ್ನು ಡೀಲರ್‌ಗೆ ಕೊಟ್ಟು ಹೊಸದು ಒಯ್ಯುತ್ತಿದ್ದರು. ಹಳೆಯದು ಅಂಗಡಿ ಮುಂದೆ ಅಗ್ಗಕ್ಕೆ ನಿಲ್ಲುತ್ತಿತ್ತು. ಬರೀ ಓಡಾಡಲು ಅಗ್ಗದ ಗಾಡಿ ಬೇಕೆಂದವನಿಗೆ ಹೊಸ ಮಾಡೆಲ್ ಟಿಗಿಂತ ಸೆಲ್ಫ್ ಸ್ಟಾರ್ಟರ್ ಇದ್ದ, ಮೂರು ಗೇರಿನ ಹಳೇ ಕಾರು ಚೆನ್ನಾಗಿ ಕಂಡಿತು. ಹತ್ತಾರು ವರ್ಷ ಬಾಳುವ ಕಾರು ಮಾಡಿದ್ದೇ ಹೆನ್ರಿಯ ಹೆಮ್ಮೆ. ಆ ಬಾಳಿಕೆಯೇ ಅವರ ಹೊಸ ಕಾರಿಗೆ ಅಡ್ಡ ಬಂತು.

ಮೂರನೆಯದು ಮುಚ್ಚಿದ ಬಾಡಿ. ಮೊದಲು ಹೆಚ್ಚಿನ ಕಾರುಗಳಿಗೆ ಬಟ್ಟೆಯ ಮೇಲ್ಛಾವಣಿ, ಪಕ್ಕದಲ್ಲಿ ಪರದೆ. ಚಳಿಗಾಲದಲ್ಲಿ ಡೆಟ್ರಾಯಿಟ್‌ನಲ್ಲಿ ಅದರಲ್ಲಿ ಹೋಗುವುದನ್ನು ಊಹಿಸಿಕೊಳ್ಳಿ. 1924ರಲ್ಲಿ ಮಾರಾಟವಾದ ಕಾರುಗಳಲ್ಲಿ ನೂರಕ್ಕೆ 43 ಮುಚ್ಚಿದವು. 1926ಕ್ಕೆ ಅದು 72, 1927ಕ್ಕೆ 85. ಗಾಜು, ತಗಡು, ಮರ ಎಲ್ಲ ಸೇರಿ ಈ ಬಾಡಿ ಬಲು ಭಾರ. ಮಾಡೆಲ್ ಟಿಯ ಚಾಸಿ ಹಗುರವಾಗಿರಲೆಂದೇ ಹುಟ್ಟಿದ್ದು. ಅದರ ಮೇಲೆ ಮುಚ್ಚಿದ ಬಾಡಿ ಕೂರಿಸಿದರೆ 20 ಹಾರ್ಸ್‌ಪವರಿಗೆ ಏದುಸಿರು. ಬಣ್ಣದಲ್ಲೂ ಹಾಗೇ. ಡುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಪೇಂಟ್ ಬಂದ ಮೇಲೆ ಜನರಲ್ ಮೋಟರ್ಸ್‌ನ ಅಗ್ಗದ ಕಾರೂ ಬಣ್ಣಬಣ್ಣವಾಯಿತು.

ಅಂಕಿ ನೋಡಿದರೆ ಆಟ ಸ್ಪಷ್ಟ. 1925ರಲ್ಲಿ ಷೆವ್ರೊಲೆಯ ಎರಡು ಬಾಗಿಲಿನ ಮುಚ್ಚಿದ ಕಾರು 735 ಡಾಲರ್. ಅದೇ ಬಗೆಯ ಫೋರ್ಡ್ 580. 1927ಕ್ಕೆ ಷೆವ್ರೊಲೆ 595ಕ್ಕೆ ಇಳಿದಿತ್ತು, ಫೋರ್ಡ್ 495ಕ್ಕೆ. ಅಂತರ 155ರಿಂದ 100ಕ್ಕೆ ಬಂತು. ಹೆನ್ರಿ ಬೆಲೆ ಇಳಿಸುತ್ತಲೇ ಇದ್ದರು. ಆದರೂ ಅವರ ಪಾಲು 1926ಕ್ಕೆ ಮೂರನೇ ಒಂದು ಭಾಗದ ಆಸುಪಾಸಿಗೆ ಬಂದು ನಿಂತಿತು.

ಷೆವ್ರೊಲೆಯನ್ನು ನಡೆಸುತ್ತಿದ್ದವರು ಯಾರು ಗೊತ್ತೇ? ವಿಲಿಯಂ ನಡ್ಸೆನ್. ಡೆನ್ಮಾರ್ಕ್‌ನಿಂದ ಬಂದ ಈ ಎತ್ತರದ ಆಳು ಫೋರ್ಡ್‌ನ ಜೋಡಣಾ ಘಟಕಗಳನ್ನು ದೇಶದ ಉದ್ದಗಲಕ್ಕೆ ಕಟ್ಟಿದವರು. ಹೆನ್ರಿ ಜೊತೆ ಸರಿಹೋಗದೆ 1921ರಲ್ಲಿ ಹೊರಬಂದಿದ್ದರು. ಫೋರ್ಡ್ ಒಂದು ಮಾರಿದರೆ ನಾವೂ ಒಂದು ಮಾರಬೇಕು ಎಂದು ಅವರು ತಮ್ಮ ಡೀಲರ್‌ಗಳ ಮುಂದೆ ಹೇಳುತ್ತಿದ್ದರಂತೆ. ಫೋರ್ಡ್‌ನ ಬಲ ಎಲ್ಲಿದೆ, ಎಲ್ಲಿ ಬಿಗಿದುಕೊಂಡಿದೆ ಎರಡೂ ಅವರಿಗೆ ಗೊತ್ತಿತ್ತು. ಅವರು ಕೊಂಡ ಯಂತ್ರಗಳು ಒರಳಿನ ಜಾತಿಯವು.

ಆರು ಪುಟದ ಪತ್ರ

ಫೋರ್ಡ್ ಒಳಗೆ ಇದೆಲ್ಲ ಯಾರಿಗೂ ಕಾಣಲಿಲ್ಲವೇ? ಚೆನ್ನಾಗಿಯೇ ಕಂಡಿತ್ತು. ಹೇಳುವವರು ಯಾರು ಅನ್ನುವುದೇ ಪ್ರಶ್ನೆ.

1919ರಲ್ಲಿ ಹೆನ್ರಿ ಉಳಿದ ಷೇರುದಾರರ ಪಾಲನ್ನೆಲ್ಲ ಹತ್ತು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡುಬಿಟ್ಟರು. ಅಂದಿನಿಂದ ಕಂಪನಿ ಪೂರ್ತಿ ಮನೆಯವರದ್ದು. ಬೋರ್ಡಿನಲ್ಲಿ ಎದ್ದು ನಿಂತು ಬೇಡ ಅನ್ನಬಲ್ಲ ಹೊರಗಿನವರು ಉಳಿಯಲಿಲ್ಲ. ಅಧ್ಯಕ್ಷ ಪದವಿ ಎಡ್ಸೆಲ್‌ಗೆ. ಅಧಿಕಾರ ಅಪ್ಪನಿಗೆ. ಎಡ್ಸೆಲ್‌ಗೆ ಕಾರಿನ ಅಂದಚಂದದ ಕಣ್ಣು ಇತ್ತು, ಸ್ವಭಾವ ಮೆದು. ಮಾಡೆಲ್ ಟಿ ಸಾಕು ಎಂದು ಅವರು ಹೇಳಿದಾಗಲೆಲ್ಲ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹಿಂದಿನ ಒಂದು ಕತೆಯೂ ಎಲ್ಲರ ತಲೆಯಲ್ಲಿತ್ತು. 1912ರಲ್ಲಿ ಹೆನ್ರಿ ಯುರೋಪಿಗೆ ಹೋಗಿದ್ದಾಗ ಇಲ್ಲಿನವರು ಸುಧಾರಿಸಿದ ಒಂದು ಕೆಂಪು ಕಾರು ಮಾಡಿ, ಬಂದ ಮೇಲೆ ಖುಷಿಯಿಂದ ತೋರಿಸಿದರಂತೆ. ಹೆನ್ರಿ ಜೇಬಿನಲ್ಲಿ ಕೈ ಇಟ್ಟುಕೊಂಡು ಅದರ ಸುತ್ತ ಮೂರ್ನಾಲ್ಕು ಸಲ ನಡೆದರು. ಆಮೇಲೆ ಬಾಗಿಲು ಹಿಡಿದು ಕಿತ್ತರು. ಇನ್ನೊಂದು ಬಾಗಿಲು. ಗಾಜು. ಬರಿಗೈಯಲ್ಲೇ ಆ ಕಾರನ್ನು ಹಾಳುಗೆಡವಿದರು ಎಂದು ಆಗ ಅಲ್ಲಿದ್ದ ನೌಕರರೊಬ್ಬರು ಮುಂದೆ ನೆನಪಿಸಿಕೊಂಡಿದ್ದಾರೆ. ಇಂಥ ಕತೆ ಕೇಳಿದವರು ಹೊಸ ಮಾದರಿಯ ಮಾತೆತ್ತುತ್ತಾರಾ?

ಎತ್ತಿದ್ದು ಅರ್ನೆಸ್ಟ್ ಕಾನ್ಜ್ಲರ್. ಅವರ ಹೆಂಡತಿ ಎಡ್ಸೆಲ್ ಹೆಂಡತಿಯ ತಂಗಿಯೋ ಅಕ್ಕನೋ, ಅಂತೂ ಇಬ್ಬರೂ ಷಡ್ಡಕರು. ಕಂಪನಿಯಲ್ಲಿ ದೊಡ್ಡ ಹುದ್ದೆ. 1926ರ ಜನವರಿಯಲ್ಲಿ ಅವರು ಹೆನ್ರಿಗೆ ಆರು ಪುಟದ ಪತ್ರ ಬರೆದರು. ಎದುರು ನಿಂತು ಹೇಳಲು ಆಗದ್ದನ್ನು ಬರೆದು ಹೇಳುತ್ತಿದ್ದೇನೆ ಎಂಬ ಧಾಟಿ. ಮೊದಲು ಹೊಗಳಿಕೆ, ವಿನಯ. ಆಮೇಲೆ ವಿಷಯ. ನಾವು ಕೆಲವು ವರ್ಷಗಳಿಂದ ಮುಂದೆ ಹೋಗಿಲ್ಲ, ಎದುರಾಳಿಗಳು ಹೋಗಿದ್ದಾರೆ. ಅವರು ಮಾರುವ ಒಂದೊಂದು ಹೆಚ್ಚಿನ ಕಾರೂ ಅವರನ್ನು ಬಲಪಡಿಸಿ ನಮ್ಮನ್ನು ಸೊರಗಿಸುತ್ತದೆ. ಹೊಸ ಕಾರು ಬೇಕು. ಕಂಪನಿಯ ಹಿರಿಯರಲ್ಲಿ ಹೆಚ್ಚಿನವರ ಅಭಿಪ್ರಾಯವೂ ಇದೇ.

ನನಗೆ ಈ ಪತ್ರದಲ್ಲಿ ಎದ್ದು ಕಾಣುವುದು ಬುದ್ಧಿವಂತಿಕೆ ಅಲ್ಲ, ಅದರ ಭಯ. ಕಂಪನಿಯ ಮೇಲ್ಮಟ್ಟದಲ್ಲಿ ಇದ್ದವರು, ಮನೆಯವರೇ ಆದವರು, ಇಷ್ಟು ಸುತ್ತಿ ಬಳಸಿ ಬರೆಯಬೇಕಾಯಿತು. ಉತ್ತರ ಬರಲಿಲ್ಲ. ನೆಂಟರು ಅನ್ನುವ ದಾಕ್ಷಿಣ್ಯವೂ ಕಾಪಾಡಲಿಲ್ಲ. ಕೆಲವೇ ತಿಂಗಳಲ್ಲಿ ಕಾನ್ಜ್ಲರ್ ಕೆಲಸ ಹೋಯಿತು.

ಹೆನ್ರಿ ಕೈಕಟ್ಟಿ ಕೂತಿದ್ದರು ಅಂದರೆ ಅದು ಅನ್ಯಾಯ. ಎಂಟು ಸಿಲಿಂಡರ್‌ಗಳನ್ನು ಇಂಟು ಗುರುತಿನ ಹಾಗೆ ಜೋಡಿಸಿದ ಒಂದು ಎಂಜಿನ್ನಿನ ಬೆನ್ನು ಹತ್ತಿ ವರ್ಷಗಟ್ಟಲೆ ಕಳೆದಿದ್ದರು. ಮಾಡೆಲ್ ಟಿಯ ಜಾಗಕ್ಕೆ ಬರುವುದು ಎಲ್ಲರೂ ಮಾಡುವ ಕಾರಲ್ಲ, ಇನ್ನೊಂದು ಪವಾಡ ಎಂದು ಅವರ ನಂಬಿಕೆ. ಆ ಎಂಜಿನ್ ಕೆಲಸಕ್ಕೆ ಬರಲಿಲ್ಲ. 1926ರಲ್ಲಿ ಕೈಬಿಟ್ಟರು. ಅದೇ ವರ್ಷ ಫೋರ್ಡ್‌ನಲ್ಲಿ ವಾರಕ್ಕೆ ಐದೇ ದಿನ ಕೆಲಸ ಎಂದು ಸಾರಿದರು. ಲೋಕ ಹೊಗಳಿತು. ಮಾರಾಟ ಬಿದ್ದು ಕೆಲಸವೇ ಕಡಿಮೆಯಾಗಿತ್ತು ಎಂಬುದನ್ನು ಆರನೇ ದಿನದ ಕೂಲಿ ಕಳೆದುಕೊಂಡವರು ಬಲ್ಲವರಾಗಿದ್ದರು.

ಬೀಗ

1927ರ ಬೇಸಿಗೆಗೆ ಬರೋಣ. ತೀರ್ಮಾನವಾಗಿದೆ, ಕಾರ್ಖಾನೆ ನಿಂತಿದೆ, ಎಂಜಿನಿಯರ್‌ಗಳು ಡ್ರಾಯಿಂಗ್ ಬೋರ್ಡ್ ಮುಂದೆ. ಹೊಸ ಕಾರಿನ ಹೆಸರು ಮಾಡೆಲ್ ಎ. ಅಕ್ಷರಮಾಲೆಯನ್ನು ಮತ್ತೆ ಮೊದಲಿಂದ ಶುರು ಮಾಡಿದರು. ಅಂದದ ಕೆಲಸ ಎಡ್ಸೆಲ್ ಪಾಲಿಗೆ ಬಂತು. ಐದು ವರ್ಷದ ಹಿಂದೆ ಕಂಪನಿ ಕೊಂಡಿದ್ದ ದುಬಾರಿ ಲಿಂಕನ್ ಕಾರಿನ ಛಾಯೆಯನ್ನು ಅವರು ಈ ಅಗ್ಗದ ಕಾರಿಗೆ ತಂದರು. ಎಂಜಿನ್ 40 ಹಾರ್ಸ್‌ಪವರ್, ಹಳೆಯದರ ಎರಡರಷ್ಟು. ಎಲ್ಲರಂತೆ ಮೂರು ಗೇರು. ನಾಲ್ಕೂ ಚಕ್ರಕ್ಕೆ ಬ್ರೇಕು. ಒಡೆದರೂ ಚೂರಾಗಿ ಹಾರದ ಗಾಜು. ಗಂಟೆಗೆ 100 ಕಿಲೋಮೀಟರ್ ದಾಟುವ ವೇಗ.

ಕಾರು ಚೆನ್ನಾಗಿಯೇ ಬಂತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಸುಮಾರು 5,500 ಭಾಗಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊಸವು. ಈಗ ಆ 45 ತೂತಿನ ಯಂತ್ರವನ್ನು ನೆನಪಿಸಿಕೊಳ್ಳಿ. ಅಂಥ ಯಂತ್ರಗಳು ಸಾವಿರಾರು. ಕೆಲವನ್ನು ಬಿಚ್ಚಿ ತಿದ್ದಿ ಕಟ್ಟಿದರು. ಉಳಿದವನ್ನು ಕಿತ್ತು ಗುಜರಿಗೆ ಹಾಕಿ ಹೊಸದು ಮಾಡಿಸಿದರು. ಹೊಸ ಯಂತ್ರ ಮಾಡಲು ಭಾಗದ ನಕ್ಷೆ ಬೇಕು. ನಕ್ಷೆಯನ್ನು ಹೆನ್ರಿ ಇನ್ನೂ ಬದಲಾಯಿಸುತ್ತಲೇ ಇದ್ದರು.

ಸಾಲದ್ದಕ್ಕೆ ಇದೇ ಹೊತ್ತಿಗೆ ಜೋಡಣೆಯನ್ನು ಹೈಲ್ಯಾಂಡ್ ಪಾರ್ಕ್‌ನಿಂದ ರೂಜ್ ನದಿ ದಂಡೆಯ ಭಾರೀ ಕಾರ್ಖಾನೆಗೆ ಸಾಗಿಸಿದರು. ಒಂದು ಕಡೆ ಅದಿರು ಇಳಿಯುತ್ತದೆ, ಇನ್ನೊಂದು ಕಡೆ ಕಾರು ಹೊರಡುತ್ತದೆ, ಅಂಥ ಜಾಗ ಅದು. ಮನೆ ಬದಲಾಯಿಸುವ ದಿನವೇ ಮದುವೆ ಇಟ್ಟುಕೊಂಡ ಹಾಗಾಯಿತು. ರೂಜ್‌ನ ಯಜಮಾನಿಕೆ ಚಾರ್ಲ್ಸ್ ಸೊರೆನ್ಸನ್ ಅವರದ್ದು. ಹೈಲ್ಯಾಂಡ್ ಪಾರ್ಕ್‌ನಲ್ಲಿ ಅಸೆಂಬ್ಲಿ ಲೈನ್ ಹುಟ್ಟಿಸಿದ ಅನುಭವಿಗಳಲ್ಲಿ ಹಲವರನ್ನು ಈ ಗಲಾಟೆಯಲ್ಲಿ ಮನೆಗೆ ಕಳಿಸಿದರು. ಬದಲಾವಣೆಗೆ ಅತಿ ಹೆಚ್ಚು ಬೇಕಿದ್ದವರೇ ಅವರು. ನನ್ನನ್ನು ಕೇಳಿದರೆ ಹೆನ್ರಿಯ ಹಠಕ್ಕಿಂತ ಇದು ದೊಡ್ಡ ತಪ್ಪು. ಮಾಡೆಲ್ ಟಿಯನ್ನು ತಡವಾಗಿ ಬಿಟ್ಟದ್ದಕ್ಕೆ ಒಂದು ತರ್ಕವಾದರೂ ಇತ್ತು. ಇದಕ್ಕೆ ಏನೂ ಇರಲಿಲ್ಲ.

ಕೆಲಸಗಾರರ ಪಾಡು ಬೇರೆಯೇ. ಆಗ ಅಲ್ಲಿ ನಿರುದ್ಯೋಗ ಭತ್ಯೆ ಇಲ್ಲ. ನಗರದ ಬಡವರ ನೆರವಿನ ಇಲಾಖೆಯ ಮುಂದೆ ಸಾಲು ಬೆಳೆಯಿತು. ರೈನ್‌ಹೋಲ್ಡ್ ನೀಬರ್ ಎಂಬ ಪಾದ್ರಿ ಆಗ ಡೆಟ್ರಾಯಿಟ್‌ನಲ್ಲಿದ್ದರು, ಮುಂದೆ ದೊಡ್ಡ ಚಿಂತಕರಾದರು. ಹೊಸ ಕಾರಿಗೆ ಇಷ್ಟು ಖರ್ಚಾಯಿತು ಎಂದು ಪತ್ರಿಕೆಗಳು ಬೆರಗಾಗಿ ಬರೆಯುತ್ತಿದ್ದಾಗ ಅವರು ಇನ್ನೊಂದು ಲೆಕ್ಕ ಹಾಕಿದರು. ಕಳೆದ ಕೂಲಿಯ ರೂಪದಲ್ಲಿ ಕೆಲಸಗಾರರು ತೆತ್ತದ್ದು ಕಡಿಮೆ ಎಂದರೂ ಐದು ಕೋಟಿ ಡಾಲರ್ ಎಂದರು. ಕಂಪನಿಗೆ ಆದ ವೆಚ್ಚವನ್ನು 25 ಕೋಟಿ ಡಾಲರ್‌ವರೆಗೂ ಅಂದಾಜು ಮಾಡಿದವರಿದ್ದಾರೆ. ಫೋರ್ಡ್ ಮನೆತನದ ಖಜಾನೆ ಅದನ್ನು ತಡೆದುಕೊಂಡಿತು. ಡೀಲರ್‌ಗಳ ಹತ್ತಿರ ಅಂಥ ಖಜಾನೆ ಇರಲಿಲ್ಲ. ಬಿಡಿಭಾಗ ಮಾರಿಕೊಂಡು ಕೆಲವರು ದಿನ ದೂಡಿದರು, ಕೆಲವರು ಷೆವ್ರೊಲೆಯ ಬೋರ್ಡ್ ಹಾಕಿಕೊಂಡರು.

ಡಿಸೆಂಬರ್ 2 ಬಂತು. ಅದಕ್ಕೆ ಮುಂಚೆ ಐದು ದಿನ ಸುಮಾರು 2,000 ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು. ಕಾರು ನೋಡಲು ನೂಕುನುಗ್ಗಲು, ಕೆಲವೆಡೆ ಪೊಲೀಸರನ್ನು ಕರೆಸಬೇಕಾಯಿತು. ರೋಡ್‌ಸ್ಟರ್ ಎಂಬ ತೆರೆದ ಮಾದರಿಯ ಬೆಲೆ 385 ಡಾಲರ್. ಎರಡು ವಾರದಲ್ಲಿ ಸುಮಾರು 4 ಲಕ್ಷ ಆರ್ಡರ್. ಎಷ್ಟೋ ಜನ ಕಾರನ್ನು ಮುಟ್ಟಿಯೂ ನೋಡದೆ ಮುಂಗಡ ಕೊಟ್ಟರು. ಜನರಿಗೆ ಆ ಹೆಸರಿನ ಮೇಲೆ ಪ್ರೀತಿ ಹೋಗಿರಲಿಲ್ಲ. ಕೊಡಲು ಮಾತ್ರ ಕಾರುಗಳಿರಲಿಲ್ಲ. ಲೈನ್ ಸರಾಗವಾಗಿ ಓಡಲು 1928ರ ಬಹುಭಾಗ ಹಿಡಿಯಿತು. ಆ ಹೊತ್ತಿಗೆ ಷೆವ್ರೊಲೆ ವರ್ಷಕ್ಕೆ 10 ಲಕ್ಷದ ಗಡಿ ದಾಟಿ ಮೊದಲ ಸ್ಥಾನದಲ್ಲಿತ್ತು. ಖಾಲಿ ಜಾಗ ನೋಡಿ ವಾಲ್ಟರ್ ಕ್ರೈಸ್ಲರ್ ಕೂಡ 1928ರಲ್ಲಿ ಪ್ಲಿಮತ್ ಎಂಬ ಅಗ್ಗದ ಕಾರು ಇಳಿಸಿದರು.

ಈ ಜಿದ್ದು ನಮ್ಮ ಕಡೆಗೂ ಬಂದಿತ್ತು. ಬ್ರಿಟಿಷರ ವಸಾಹತುಗಳ ವ್ಯಾಪಾರವನ್ನು ಫೋರ್ಡ್ ತನ್ನ ಕೆನಡಾ ಶಾಖೆಯ ಮೂಲಕ ನಡೆಸುತ್ತಿತ್ತು. ಜನರಲ್ ಮೋಟರ್ಸ್ 1928ರಲ್ಲಿ ಬಾಂಬೆಯಲ್ಲೇ ಕಾರು ಜೋಡಿಸಲು ಶುರು ಮಾಡಿತು.

ಷೆವ್ರೊಲೆಯ ಕೆಲವೇ ವಾರ

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಹೋಲಿಸಿ ನೋಡುವುದು 1928ರ ಕೊನೆಯ ಒಂದು ಘಟನೆಯನ್ನು. ಷೆವ್ರೊಲೆ ಕೂಡ ಆಗ ಎಂಜಿನ್ ಬದಲಾಯಿಸಿತು. ನಾಲ್ಕು ಸಿಲಿಂಡರ್ ಬಿಟ್ಟು ಆರಕ್ಕೆ ಹೋಯಿತು. ನಾಲ್ಕರ ಬೆಲೆಗೆ ಆರು ಎಂದು ಸಾರಿತು. ಇದೇನು ಸಣ್ಣ ಬದಲಾವಣೆ ಅಲ್ಲ. ಆದರೆ ಕಾರ್ಖಾನೆ ನಿಂತಿದ್ದು ಕೆಲವೇ ವಾರ. ನಡ್ಸೆನ್ ಮೊದಲು ಬೇರೊಂದು ಕಡೆ ಸಣ್ಣ ಪ್ರಮಾಣದಲ್ಲಿ ಹೊಸ ಎಂಜಿನ್ ಮಾಡಿಸಿ, ತೊಡಕು ಎಲ್ಲಿ ಬರುತ್ತದೆ ಅಂತ ನೋಡಿಕೊಂಡರು. ಹಳೆಯದು ಇನ್ನೂ ಮಾರಾಟವಾಗುತ್ತಿರುವಾಗಲೇ ಹೊಸದರ ತಯಾರಿ ಮುಗಿದಿತ್ತು. ಅವರ ಯಂತ್ರಗಳಿಗೆ ಬಿಲ್ಲೆ ಬದಲಾಯಿಸಿದರೆ ಸಾಕಿತ್ತು.

ಫೋರ್ಡ್ 1929ರಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಮಾಡೆಲ್ ಎ ಒಟ್ಟು 48 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಸೋತ ಕಾರು ಎನ್ನಲು ಆಗದು. ಆದರೆ 19 ವರ್ಷವಲ್ಲ, ನಾಲ್ಕೇ ವರ್ಷ ಬಾಳಿತು. 1931ರಲ್ಲಿ ಷೆವ್ರೊಲೆ ಮತ್ತೆ ಮುಂದೆ ಹೋಯಿತು. ಆ ವರ್ಷದ ಆಗಸ್ಟ್‌ನಲ್ಲಿ ಫೋರ್ಡ್ ಮತ್ತೆ ಲೈನ್ ನಿಲ್ಲಿಸಿತು. ಈ ಸಲ ಎಂಟು ಸಿಲಿಂಡರಿನ ವಿ-8 ಎಂಜಿನ್ನಿಗಾಗಿ. ಅದು ಬಂದಿದ್ದು 1932ರ ಮಾರ್ಚ್ ಕೊನೆಗೆ. ನಡುವೆ ಮಹಾ ಆರ್ಥಿಕ ಕುಸಿತ, ಮತ್ತೆ ಸಾವಿರಾರು ಜನ ಗೇಟಿನ ಹೊರಗೆ.

ಕಾನ್ಜ್ಲರ್ ಏನಾದರು? 1928ರಲ್ಲಿ ಫೋರ್ಡ್ ಕಾರುಗಳಿಗೆ ಕಂತಿನ ಸಾಲ ಕೊಡುವ ಒಂದು ಕಂಪನಿ ಹುಟ್ಟಿತು. ಹೆನ್ರಿಗೆ ಆಗದ ಆ ಸಾಲದ ಕಂಪನಿಗೆ ಮುಖ್ಯಸ್ಥರಾಗಿ ಕೂತವರು ಅವರೇ.

ಮಾಡೆಲ್ ಟಿ ಮಾತ್ರ 1927ರಲ್ಲಿ ಪೂರ್ತಿ ಸಾಯಲಿಲ್ಲ. ಲಕ್ಷಾಂತರ ಗಾಡಿಗಳು ಇನ್ನೂ ರಸ್ತೆಯಲ್ಲಿದ್ದವು, ಅವಕ್ಕೆ ಎಂಜಿನ್ ಬೇಕಿತ್ತು. ಕಂಪನಿ ಒಂದು ಮೂಲೆಯಲ್ಲಿ ಹಳೇ ಯಂತ್ರಗಳನ್ನು ಉಳಿಸಿಕೊಂಡಿತ್ತು. ಅದೇ 20 ಹಾರ್ಸ್‌ಪವರಿನ ಎಂಜಿನ್ನುಗಳು ಅಲ್ಲಿಂದ ಹೊರಬರುತ್ತಲೇ ಇದ್ದವು. ಕೊನೆಯದು ಬಂದಿದ್ದು 1941ರ ಆಗಸ್ಟ್ 4ಕ್ಕೆ.